ಊರು ಬದಲಾದಾಗ ಕಾರಿನ ವಿಮೆ: ತಪ್ಪು ಕಲ್ಪನೆ ಮತ್ತು ಸತ್ಯ

ಕರ್ನಾಟಕದ ಕಾರಿಗೆ ಮಾಡಿಸಿದ ವಿಮೆ ಮಹಾರಾಷ್ಟ್ರದಲ್ಲಿ ನಡೆಯುವುದಿಲ್ಲ ಎಂಬ ಮಾತು ನಿಜವಲ್ಲ. ಶಿರಡಿ ಯಾತ್ರೆ ಮುಗಿಸಿ ಮನ್ಮಾಡ್ ಕಡೆ ಹೊರಟಾಗ ಅಪಘಾತವಾದರೂ ಬೆಂಗಳೂರಿನಲ್ಲಿ ಕೊಂಡ ಪಾಲಿಸಿಯೇ ಸಾಕು. ಅದರ ವ್ಯಾಪ್ತಿ ಇಡೀ ಭಾರತ. ಆದರೆ ರೈಲ್ವೆಯಲ್ಲೋ ಆಹಾರ ನಿಗಮದ ಗೋದಾಮಿನಲ್ಲೋ ಕೆಲಸಕ್ಕೆಂದು ಮನ್ಮಾಡ್‌ಗೆ ವರ್ಗವಾಗಿ ಬಂದವರ ಮಾತು ಬೇರೆ. ಬಿ.ಎಚ್. ಸರಣಿಯ ವಾಹನಗಳನ್ನು ಬಿಟ್ಟರೆ, ಬೇರೆ ರಾಜ್ಯದಲ್ಲಿ 12 ತಿಂಗಳು ಮೀರಿ ಉಳಿಯುವ ಕಾರಿಗೆ 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಅಲ್ಲಿನ ನೋಂದಣಿ ಸಂಖ್ಯೆ ಬೇಕು. ಆರ್.ಸಿ.ಯಲ್ಲಿ ಎಂ.ಎಚ್., ಪಾಲಿಸಿಯಲ್ಲಿ ಇನ್ನೂ ಕೆ.ಎ. ಎಂದಿದ್ದರೆ ಕ್ಲೇಮ್ ಹಾಕಿದ ದಿನ ತಕರಾರು ಏಳುತ್ತದೆ.

ಇಂಥ ತಿದ್ದುಪಡಿಗೆ ನವೀಕರಣದವರೆಗೆ ಕಾಯಬೇಕು ಎಂಬುದೂ ತಪ್ಪು. ವಿಳಾಸ, ನೋಂದಣಿ ಸಂಖ್ಯೆ, ಹೊಸದಾಗಿ ಹಾಕಿಸಿದ ಸಿ.ಎನ್.ಜಿ. ಕಿಟ್ ಯಾವುದನ್ನಾದರೂ ವರ್ಷದ ನಡುವೆಯೇ ಎಂಡಾರ್ಸ್‌ಮೆಂಟ್ ಮೂಲಕ ಸೇರಿಸಬಹುದು. ಕಿಟ್ ವಿಷಯ ತಿಳಿಸದೆ ಓಡಿಸುವುದು ದೊಡ್ಡ ಅಪಾಯ.

ಹೆಚ್ಚು ಹಣ ಕಳೆಯುವುದು ನೋ ಕ್ಲೇಮ್ ಬೋನಸ್ ಕುರಿತ ತಪ್ಪು ತಿಳಿವಳಿಕೆಯಿಂದ. ಈ ರಿಯಾಯಿತಿ ಕಾರಿನದಲ್ಲ, ಮಾಲೀಕರದು. ಕ್ಲೇಮ್ ಇಲ್ಲದ ಮೊದಲ ವರ್ಷಕ್ಕೆ 20%, ಐದು ವರ್ಷಕ್ಕೆ 50%. ಸ್ವಂತ ಹಾನಿಯ ಪ್ರೀಮಿಯಂ 10,000 ರೂಪಾಯಿ ಇದ್ದರೆ ಐದು ವರ್ಷ ಜೋಪಾನ ಮಾಡಿದವರು ಕಟ್ಟುವುದು 5,000. ಅದೇ ಕಾರನ್ನು ಸೆಕೆಂಡ್ ಹ್ಯಾಂಡ್ ಕೊಂಡವರಿಗೆ ಈ ಸೌಲಭ್ಯ ಬರುವುದಿಲ್ಲ. ಮಾರಿದವರು ಕಂಪನಿಯಿಂದ ಪತ್ರ ಪಡೆದು ಮೂರು ವರ್ಷದೊಳಗೆ ತಮ್ಮ ಹೊಸ ಕಾರಿಗೆ ಬಳಸಿಕೊಳ್ಳಬಹುದು. ಕೊಂಡವರು 14 ದಿನದೊಳಗೆ ಪಾಲಿಸಿಯನ್ನು ತಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕು. ಥರ್ಡ್ ಪಾರ್ಟಿ ರಕ್ಷಣೆ ಮಾತ್ರ ಕಾರಿನ ಜೊತೆ ತಾನಾಗಿ ಬರುತ್ತದೆ, ಸ್ವಂತ ಹಾನಿಯದು ಬರುವುದಿಲ್ಲ.

"ಫುಲ್ ಇನ್ಶೂರೆನ್ಸ್ ಇದೆ, ಎಲ್ಲ ಸಿಗುತ್ತದೆ" ಎಂಬ ಭರವಸೆಯೂ ಗ್ಯಾರೇಜಿನ ಬಿಲ್ ಬರುವವರೆಗೆ ಮಾತ್ರ. ಪ್ಲಾಸ್ಟಿಕ್ ಬಂಪರ್ ಬದಲಿಸಲು 10,000 ತಗುಲಿದರೆ ಸವಕಳಿಯೆಂದು ಅರ್ಧ ಕಡಿತವಾಗುತ್ತದೆ, ಅದರ ಮೇಲೆ ಕಡ್ಡಾಯ ಕಡಿತ ಬೇರೆ. ಸವಕಳಿಯ ಕಡಿತ ಬೇಡವೆಂದರೆ ಝೀರೋ ಡೆಪ್ ಎಂಬ ಹೆಚ್ಚುವರಿ ರಕ್ಷಣೆ ಸೇರಿಸಿಕೊಳ್ಳಬೇಕು. ನಿಂತ ನೀರಿನಲ್ಲಿ ಸ್ಟಾರ್ಟ್ ಮಾಡಿ ಎಂಜಿನ್ ಕೆಟ್ಟರೆ ಎಂಜಿನ್ ಪ್ರೊಟೆಕ್ಟ್ ಇಲ್ಲದೆ ಸಾಮಾನ್ಯವಾಗಿ ಪರಿಹಾರವಿಲ್ಲ.

ಐ.ಡಿ.ವಿ., ಅಂದರೆ ಪಾಲಿಸಿಯಲ್ಲಿ ನಮೂದಿಸುವ ಕಾರಿನ ಮೌಲ್ಯ, ಇಳಿಸಿದರೆ ಪ್ರೀಮಿಯಂ ಇಳಿಯುವುದು ನಿಜ. ಕಾರು ಕಳವಾದರೆ ಕೈಗೆ ಬರುವ ಮೊತ್ತವೂ ಅಷ್ಟೇ ಇಳಿಯುತ್ತದೆ. ಒಂದೆರಡು ಸಾವಿರದ ಉಳಿತಾಯಕ್ಕೆ ಇದು ಒಳ್ಳೆಯ ವ್ಯಾಪಾರವಲ್ಲ.

ಕಂಪನಿ ಬದಲಿಸಿದರೆ ಬೋನಸ್ ಹೋಗುತ್ತದೆಂದು ಹೆದರಿ ಹಳೆಯದಕ್ಕೇ ಅಂಟಿಕೊಳ್ಳುವವರೂ ಇದ್ದಾರೆ. ಕಂಪನಿ ಬದಲಾದರೂ ಬೋನಸ್ ಉಳಿಯುತ್ತದೆ. ಅದು ಹೋಗುವುದು ಕ್ಲೇಮ್ ಮಾಡಿದಾಗ, ಇಲ್ಲವೇ ಅವಧಿ ಮುಗಿದು 90 ದಿನ ಕಳೆದರೂ ನವೀಕರಿಸದಿದ್ದಾಗ.