ಚಾವಡಿಯಲ್ಲಿ ಎರಡು ಸ್ಟೀರಿಂಗ್

ಊರಿಂದ ಹುಬ್ಬಳ್ಳಿಗೆ ಬರುವ ನೆಂಟರು ನಮ್ಮ ಮನೆಯ ಚಾವಡಿಗೆ ಕಾಲಿಟ್ಟು ಸಲಾಂ ಹೇಳಿದ ಮೇಲೆ ಒಂದು ಗಳಿಗೆ ಹಾಗೆಯೇ ನಿಂತುಬಿಡುತ್ತಾರೆ. ಸೋಫಾ ಇರಬೇಕಾದ ಜಾಗದಲ್ಲಿ ಎರಡು ಕಬ್ಬಿಣದ ಚೌಕಟ್ಟು, ಅದರ ಮೇಲೆ ಹಳೆಯ ಮಾರುತಿ 800ರ ಎರಡು ಸೀಟು, ಎದುರಿಗೆ ಎರಡು ಸ್ಟೀರಿಂಗ್, ಕೆಳಗೆ ಪೆಡಲು. "ಇದೆಂತ ಮಾರಾಯ್ರೇ, ಗುಜರಿ ಅಂಗಡಿ ಸಾಲದೂಂತ ಕಾರನ್ನು ಮನೆಯೊಳಗೇ ಬಿಚ್ಚಿ ಹಾಕಿದ್ದಾ?" ಎಂದು ಒಬ್ಬರು ಕೇಳಿಯೂ ಬಿಟ್ಟರು. ನಮ್ಮದು ಗುಜರಿ ವ್ಯಾಪಾರ, ಅವರಿಗೆ ಹಾಗೆ ತೋರಿದರೆ ತಪ್ಪಿಲ್ಲ.

ಇದು ಕಾರ್ ರೇಸಿನ ಗೇಮ್ ಆಡುವ ಸಿಮ್ಯುಲೇಟರ್. ಕೀಬೋರ್ಡ್ ಒತ್ತಿ ಆಡುವ ಆಟ ಅಲ್ಲ. ಸ್ಟೀರಿಂಗಿನೊಳಗೆ ಮೋಟಾರು ಉಂಟು. ತಿರುವಿನಲ್ಲಿ ಅದು ನಮ್ಮ ಕೈಯನ್ನು ವಾಪಸ್ ಎಳೆಯುತ್ತದೆ, ಮುಂದಿನ ಟಯರು ಹಿಡಿತ ಬಿಟ್ಟ ಕೂಡಲೇ ಹಗುರ ಆಗುತ್ತದೆ. ಇದಕ್ಕೆ ಫೋರ್ಸ್ ಫೀಡ್‌ಬ್ಯಾಕ್ ಎನ್ನುತ್ತಾರೆ. ಗೇಮ್ ಎಂದರೆ ಮೂಗು ಮುರಿಯುವ ನಾವು ಇಂಥದ್ದನ್ನು ಒಂದಲ್ಲ, ಎರಡು ಯಾಕೆ ಮಾಡಿಸಿದೆವು ಎನ್ನುವುದನ್ನು ಹೇಳಬೇಕು.

ಮನೆಯಲ್ಲಿ ಹುಡುಗರು ಇಬ್ಬರು. ದೊಡ್ಡವ ನಮ್ಮ ಕಾಕನ ಮಗ, ಹದಿನೆಂಟು. ಸಣ್ಣವ ನಮ್ಮವ, ಹದಿನಾರು. (ಈ ಕಡೆ ಕಾಕಾ ಎಂದರೆ ಚಿಕ್ಕಪ್ಪ, ನಮ್ಮಲ್ಲಿ ಅಣ್ಣ. ನೆರೆಮನೆಯವರಿಗೆ ಇದು ಇನ್ನೂ ಗೊಂದಲವೇ.) ಒಂದು ರಾತ್ರಿ ಇಶಾ ನಮಾಝ್ ಮುಗಿದ ಮೇಲೆ ಸಣ್ಣವ ಅಂಗಡಿಯ ಸ್ಕೂಟರಿನ ಕೀಲಿ ತಗೊಂಡು ಗೆಳೆಯರ ಜತೆ ಬೈಪಾಸಿಗೆ ಹೋದ. ಯಾರು ಮೊದಲು ಧಾರವಾಡ ಮುಟ್ಟುತ್ತಾರೆ ಎನ್ನುವ ಪಂದ್ಯ. ದೊಡ್ಡವನಿಗೆ ಹೇಗೋ ಗೊತ್ತಾಗಿ ಬಂದು ನಮಗೆ ಹೇಳಿದ. ನಾವು ಅಟ್ಟಿಸಿಕೊಂಡು ಹೋಗುವಷ್ಟರಲ್ಲಿ ಹುಡುಗ ವಾಪಸ್ ಬರುತ್ತಾ ಇದ್ದ. ಅಲ್‌ಹಮ್ದುಲಿಲ್ಲಾ, ಮೈಮೇಲೆ ಒಂದು ಗೀರೂ ಇರಲಿಲ್ಲ.

ಹುಬ್ಬಳ್ಳಿ-ಧಾರವಾಡ ಬೈಪಾಸ್ ಎಂದರೆ ಇಲ್ಲಿನವರ ಎದೆ ಯಾಕೆ ನಡುಗುತ್ತದೆ ಎಂದು ಊರಿನವರಿಗೆ ಗೊತ್ತಿರಲಿಕ್ಕಿಲ್ಲ. ಎಷ್ಟೋ ವರ್ಷ ಅದು ನಡುವೆ ಡಿವೈಡರ್ ಇಲ್ಲದ ಎರಡೇ ಲೇನಿನ ರಸ್ತೆ. ಲಾರಿಗಳು ಎದುರುಬದುರು. 2021ರ ಜನವರಿ 15ರಂದು ಇಟ್ಟಿಗಟ್ಟಿ ಹತ್ತಿರ ದಾವಣಗೆರೆಯಿಂದ ಗೋವಾಕ್ಕೆ ಹೊರಟಿದ್ದ ಗೆಳತಿಯರ ಟೆಂಪೊಗೆ ಟಿಪ್ಪರ್ ಗುದ್ದಿತು. ತಾಯಂದಿರೇ ಹೆಚ್ಚಿದ್ದ ವಾಹನ ಅದು. ಆ ಸುದ್ದಿ ಓದಿದ ಬೆಳಿಗ್ಗೆ ನಮ್ಮ ಉಮ್ಮ ಚಾ ಕುಡಿಯಲಿಲ್ಲ. ಅದೇ ರಸ್ತೆಯಲ್ಲಿ ಅವರ ಮೊಮ್ಮಗ ಪಂದ್ಯ ಕಟ್ಟಿ ಸ್ಕೂಟರ್ ಓಡಿಸಿದ್ದ.

ಕಾನೂನಿನ ಮಾತೂ ಹೇಳಿಬಿಡುತ್ತೇವೆ, ನಮ್ಮ ಎಷ್ಟೋ ಮನೆಗಳಲ್ಲಿ ಇದನ್ನು ಸಣ್ಣ ವಿಷಯ ಎಂದುಕೊಂಡಿದ್ದಾರೆ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ 199ಎ ಕಲಂ ಸೇರಿತು. ಅಪ್ರಾಪ್ತ ಹುಡುಗ ವಾಹನ ಓಡಿಸಿ ಅಪರಾಧ ಮಾಡಿದರೆ ತಪ್ಪು ಬಾಪನದ್ದು ಅಥವಾ ವಾಹನದ ಮಾಲಕನದ್ದು. 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು, ಗಾಡಿಯ ನೋಂದಣಿ 12 ತಿಂಗಳು ರದ್ದು. ಹುಡುಗನಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಇಲ್ಲ. ಗಲ್ಫಿನಲ್ಲಿ ಡ್ರೈವರ್ ಕೆಲಸ ನಂಬಿ ಬದುಕುವ ನಮ್ಮಂಥ ಸಮುದಾಯಕ್ಕೆ ಆ ಕೊನೆಯದು ಎಷ್ಟು ದೊಡ್ಡ ಶಿಕ್ಷೆ ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ಮನೆಯೊಳಗೆ ಆದದ್ದು ಬೇರೆ. ಸಣ್ಣವ ದೊಡ್ಡವನಿಗೆ "ಚಾಡಿಕೋರ" ಎಂದ. ಆಮೇಲೆ ಮಾತೇ ಬಿಟ್ಟ. ಒಂದೇ ಸುಪ್ರದಲ್ಲಿ ಕೂತು ಊಟ, ಒಂದೇ ಕೋಣೆಯಲ್ಲಿ ನಿದ್ದೆ, ಮಾತಿಲ್ಲ. ಹುಟ್ಟಿದಾಗಿನಿಂದ "ಕಾಕ, ಕಾಕ" ಎಂದು ಬಾಲದ ಹಾಗೆ ಹಿಂದೆ ತಿರುಗಿದವ ಈಗ ಅವನ ಕಡೆ ನೋಡುವುದೂ ಇಲ್ಲ. ಇಬ್ಬರೂ ಒಂದೊಂದು ಮೊಬೈಲ್ ಹಿಡಿದು ಒಂದೊಂದು ಮೂಲೆ. ಎರಡು ತಿಂಗಳು ಹೀಗೇ ಹೋಯಿತು.

ಸಿಮ್ಯುಲೇಟರಿನ ಮಾತು ತೆಗೆದದ್ದು ದುಬೈಯಿಂದ ರಜೆಗೆ ಬಂದಿದ್ದ ನಮ್ಮ ಭಾವ. ಅಲ್ಲಿನ ಮಾಲುಗಳಲ್ಲಿ ಅಕ್ಕಪಕ್ಕ ಸೀಟು ಇಟ್ಟ ರೇಸಿಂಗ್ ಮೆಶಿನುಗಳನ್ನು ನಮ್ಮವರು ಎಷ್ಟೋ ಜನ ನೋಡಿರಬಹುದು. ಜಪಾನಿನ ಸೇಗಾ ಕಂಪೆನಿ 1994ರ ಹೊತ್ತಿಗೇ 'ಡೇಟೋನಾ ಯುಎಸ್‌ಎ' ಎನ್ನುವ ಗೇಮಿನಲ್ಲಿ ಎಂಟು ಮೆಶಿನುಗಳನ್ನು ಒಂದಕ್ಕೊಂದು ಜೋಡಿಸುವ ಏರ್ಪಾಟು ಮಾಡಿತ್ತು. "ಅದರಲ್ಲಿ ಸೋತವ ಪಕ್ಕದವನ ಮುಖ ನೋಡಲೇಬೇಕು. ಮೊಬೈಲಲ್ಲಿ ಹಾಗಿಲ್ಲ" ಎಂದರು ಭಾವ. ಆ ಮಾತು ನಮ್ಮ ತಲೆಯಲ್ಲಿ ಕೂತಿತು. ಒಂದೇ ಮಾಡಿಸಿದರೆ ಅದೂ ಒಂದು ಮೂಲೆ ಆಗುತ್ತದೆ. ಮಾಡಿಸುವುದಾದರೆ ಎರಡು, ಅದೂ ಚಾವಡಿಯಲ್ಲಿ, ಎಲ್ಲರ ಕಣ್ಣೆದುರು. ಇನ್ನೊಂದು ಶರತ್ತು: ಹುಡುಗರೇ ಕಟ್ಟಬೇಕು.

ಸೀಟಿಗೆ ನಾವು ಹೊರಗೆ ಹೋಗಬೇಕಾಗಿರಲಿಲ್ಲ. ಮಾರುತಿ 800ರ ಮುಂದಿನ ಸೀಟು ಸಪೂರ, ಹಗುರ, ಅಡಿಯಲ್ಲಿ ಹಿಂದೆ ಮುಂದೆ ಜಾರುವ ರೈಲು ಅದರಲ್ಲೇ ಇರುತ್ತದೆ. ಇಬ್ಬರ ಕಾಲಿನ ಉದ್ದ ಬೇರೆ ಬೇರೆ ಆದ್ದರಿಂದ ಆ ರೈಲು ಬೇಕೇ ಬೇಕು. ಗುಜರಿಯವರಾಗಿ ಒಂದು ಎಚ್ಚರಿಕೆ ಹೇಳುತ್ತೇವೆ: ಹೊಸ ಕಾರಿನ ಸೀಟು ಚಂದ ಉಂಟೆಂದು ಬಿಚ್ಚಲಿಕ್ಕೆ ಹೋಗಬೇಡಿ. ಕೆಲವದರ ಬದಿಯಲ್ಲೇ ಏರ್‌ಬ್ಯಾಗ್ ಇರುತ್ತದೆ, ಅದು ಸಿಡಿಯುವ ಸಾಮಾನು. ಸೀಟಿನಡಿಯಲ್ಲಿ ಹಳದಿ ಬಣ್ಣದ ಕನೆಕ್ಟರ್ ಕಂಡರೆ ಮುಟ್ಟದೆ ಬಿಟ್ಟುಬಿಡಿ.

ಚೌಕಟ್ಟಿಗೆ ಒಂದೂವರೆ ಇಂಚಿನ ಚೌಕ ಪೈಪು, ಎರಡಕ್ಕೂ ಸೇರಿ ಸುಮಾರು ಐವತ್ತು ಅಡಿ. ವೆಲ್ಡಿಂಗ್ ಅಂಗಡಿಯ ಅಜ್ಜ ನಕ್ಷೆ ನೋಡಿ ತಲೆ ಕೆರೆದುಕೊಂಡರು. "ಎಲ್ಲಾ ಖರೆ ಸಾಹೇಬ್ರ, ಇದಕ್ಕ ಗಾಲಿ ಎಲ್ಲದಾವ್ರಿ?" ಗಾಲಿ ಇಲ್ಲ ಎಂದು ತಿಳಿದ ಮೇಲೆ ಅವರಿಗೆ ಇನ್ನೂ ಕುತೂಹಲ. ಹುಡುಗರ ಕೈಗೆ ಕಟಿಂಗ್ ಮೆಶಿನು ಕೊಡಲಿಲ್ಲ, ಅಳತೆ ಹಾಕುವ ಕೆಲಸ ಕೊಟ್ಟರು. ಒಬ್ಬ ಟೇಪಿನ ಈ ತುದಿ ಹಿಡಿಯಬೇಕು, ಇನ್ನೊಬ್ಬ ಆ ತುದಿ. ಮೊದಲ ದಿನ ಇಬ್ಬರೂ ಅಜ್ಜನಿಗೆ ಹೇಳುವ ಹಾಗೆ ಒಬ್ಬರಿಗೊಬ್ಬರು ಅಳತೆ ಹೇಳಿಕೊಂಡರು.

ಮೊದಲು ಎರಡು ಸೀಟನ್ನೂ ಒಂದೇ ಉದ್ದ ಚೌಕಟ್ಟಿಗೆ ಕೂರಿಸಿದ್ದೆವು. ಪೈಪು ಉಳಿಯುತ್ತದೆ ಎಂಬ ವ್ಯಾಪಾರಿ ಬುದ್ಧಿ. ಕೂತು ನೋಡಿದರೆ ಗ್ರಹಚಾರ: ಒಬ್ಬ ಬ್ರೇಕ್ ತುಳಿದರೆ ಇನ್ನೊಬ್ಬನ ಮಾನಿಟರ್ ನಡುಗುತ್ತದೆ. ಕೊಯ್ದು ಬೇರೆ ಮಾಡಿದೆವು. ಈಗ ಒಂದೊಂದು ನಾಲ್ಕು ಅಡಿ ಉದ್ದ, ಇಪ್ಪತ್ತೆರಡು ಇಂಚು ಅಗಲ, ನಡುವೆ ಹದಿನಾಲ್ಕು ಇಂಚು ಜಾಗ. ಮಾನಿಟರುಗಳು ಚೌಕಟ್ಟಿನಲ್ಲಿ ಇಲ್ಲವೇ ಇಲ್ಲ, ಗೋಡೆಯ ಹಲಗೆಯ ಮೇಲೆ. ಸ್ಟೀರಿಂಗ್ ಕೂರುವ ಹಲಗೆ ಒಂದೇ ಪದರ ಪ್ಲೈವುಡ್ ಇದ್ದಾಗ ಬಾಗುತ್ತಿತ್ತು, 18 ಎಂ.ಎಂ. ಪ್ಲೈ ಎರಡು ಪದರ ಮಾಡಿ ಆರು ಎಂ.ಎಂ. ಬೋಲ್ಟಿನಲ್ಲಿ ಬಿಗಿದ ಮೇಲೆ ನಿಂತಿತು. ಪೆಡಲನ್ನೂ ಬೋಲ್ಟ್ ಹಾಕದೆ ಬಿಡುವ ಹಾಗಿಲ್ಲ. ಬ್ರೇಕನ್ನು ಜೋರು ತುಳಿದಾಗ ಟೈಲ್ಸಿನ ಮೇಲೆ ಅದು ಮುಂದೆ ಓಡುತ್ತದೆ.

ಸ್ಟೀರಿಂಗ್ ಎರಡೂ ಲಾಜಿಟೆಕ್ ಜಿ29, ಸೆಕೆಂಡ್ ಹ್ಯಾಂಡ್. ಲಾಕಿನಿಂದ ಲಾಕಿಗೆ 900 ಡಿಗ್ರಿ, ಅಂದರೆ ಎರಡೂವರೆ ಸುತ್ತು ತಿರುಗುತ್ತದೆ. ಇದರಲ್ಲಿ ಮೋಟಾರಿನ ಬಲ ಗೇರಿನ ಮೂಲಕ ಬರುತ್ತದೆ. ಮೋಟಾರಿನ ಶಾಫ್ಟಿಗೇ ಸ್ಟೀರಿಂಗ್ ಕೂರುವ ಡೈರೆಕ್ಟ್ ಡ್ರೈವ್ ಎಂಬುದು ಇನ್ನೂ ಬಲದ್ದು, ಬೆಲೆಯೂ ಹಾಗೆಯೇ. ಬಂದ ಎರಡರಲ್ಲಿ ಒಂದರ ಬ್ರೇಕು ತುಳಿಯದೆಯೇ ಹಿಡಿಯುತ್ತಿತ್ತು. ಮಾರಿದವರು ಫೋನ್ ಎತ್ತಲಿಲ್ಲ. ಸಣ್ಣವ ಪೆಡಲು ಬಿಚ್ಚಿ ನೋಡಿದ. ಒಳಗಿನ ಪೊಟೆನ್ಶಿಯೋಮೀಟರಿಗೆ, ಅಂದರೆ ಹಳೇ ರೇಡಿಯೋದ ವಾಲ್ಯೂಮ್ ಬಿರಡೆಯಂಥದ್ದಕ್ಕೆ, ಧೂಳು ತುಂಬಿತ್ತು. ಒಂದು ಕೈಯಲ್ಲಿ ಸ್ಪ್ರಿಂಗ್ ಅದುಮಿ ಹಿಡಿದು, ಇನ್ನೊಂದರಲ್ಲಿ ಕಾಂಟ್ಯಾಕ್ಟ್ ಕ್ಲೀನರ್ ಹೊಡೆಯುತ್ತಾ, ತಲೆ ಎತ್ತದೆ, "ಕಾಕ, ಆ ಸ್ಕ್ರೂಡ್ರೈವರ್ ಕೊಡು" ಎಂದ. ದೊಡ್ಡವ ಕೊಟ್ಟ. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಉಮ್ಮ ನಮ್ಮ ಕಡೆ ನೋಡಿದರು. ನಾವು ಏನೂ ಮಾತಾಡಲಿಲ್ಲ.

ಗೇಮ್ ಇಟಲಿಯ 'ಅಸೆಟ್ಟೊ ಕೊರ್ಸಾ', 2014ರದ್ದು. ಹಳೆಯದಾದ್ದರಿಂದ ಸಾಧಾರಣ ಕಂಪ್ಯೂಟರಿನಲ್ಲಿ ಓಡುತ್ತದೆ. ಎರಡು ಕಂಪ್ಯೂಟರ್, ನಡುವೆ ರೂಟರ್, ಕೇಬಲ್. ಒಂದರಲ್ಲೇ ಸರ್ವರ್ ಓಡಿಸಿದರೆ ಹೊರಗಿನ ಯಾವನೂ ಆಟಕ್ಕೆ ಬರುವುದಿಲ್ಲ, ರೇಸು ಮನೆಯೊಳಗಿನದ್ದೇ. ಇಬ್ಬರಿಗೂ ಒಂದೇ ಕಾರು, ಪುಟ್ಟ ಅಬಾರ್ಥ್ 500. "ನಿನ್ನ ಸ್ಟೀರಿಂಗ್ ಹೊಸದು" ಎಂಬ ತಕರಾರು ಬಂದದ್ದರಿಂದ ಪ್ರತೀ ರೇಸಿನ ನಂತರ ಸೀಟು ಅದಲುಬದಲು. ಎರಡು ಕಡೆಯ ಸ್ಪೀಕರ್ ಒಟ್ಟಿಗೆ ಕೂಗಿದರೆ ಯಾರ ಇಂಜಿನು ಯಾರದ್ದೆಂದು ತಿಳಿಯುವುದಿಲ್ಲ. ಹೆಡ್‌ಫೋನ್ ಹಾಕಿದರೆ ಪಕ್ಕದವ ಇಲ್ಲದ ಹಾಗೆಯೇ. ಕೊನೆಗೆ ಒಂದು ಕಿವಿಗೆ ಮಾತ್ರ ಹೆಡ್‌ಫೋನ್, ಪಕ್ಕದವನ ಕಡೆಯ ಕಿವಿ ಖಾಲಿ.

ಒಟ್ಟು ಖರ್ಚು 77,500 ರೂಪಾಯಿ. ಸ್ಟೀರಿಂಗುಗಳಿಗೆ 31,000, ಹಳೇ ಕಂಪ್ಯೂಟರ್ ಒಂದಕ್ಕೆ 27,000, ಅಂಗಡಿಯ ಬಿಲ್ಲಿಂಗ್ ಕಂಪ್ಯೂಟರಿಗೆ ಗ್ರಾಫಿಕ್ಸ್ ಕಾರ್ಡ್ ಹಾಕಿಸಲಿಕ್ಕೆ 6,000, ಆಫೀಸುಗಳಿಂದ ಬಂದ ಎರಡು ಮಾನಿಟರಿಗೆ 6,000, ಪೈಪು, ಪ್ಲೈ, ವೆಲ್ಡಿಂಗಿಗೆ 6,500, ಗೇಮಿಗೆ ಒಂದು ಸಾವಿರ. ಸೀಟಿಗೆ ಲೆಕ್ಕ ಇಡಲಿಲ್ಲ. ಇದು ಸಣ್ಣ ಮೊತ್ತ ಎಂದು ನಾವು ಹೇಳುವುದಿಲ್ಲ. ಒಂದೇ ಸಲಕ್ಕೆ ಇಷ್ಟು ಹಾಕಬೇಕಾಗಿಯೂ ಇಲ್ಲ. ಮನೆಯ ಗಟ್ಟಿ ಮೇಜಿಗೆ ಸ್ಟೀರಿಂಗ್ ಕ್ಲ್ಯಾಂಪ್ ಮಾಡಿ ಶುರು ಮಾಡಬಹುದು, ಕುರ್ಚಿಗೆ ಚಕ್ರ ಇರಬಾರದು ಅಷ್ಟೆ.

ಮನೆಯಲ್ಲಿ ನಿಯಮಗಳುಂಟು. ಅಸರಿನ ನಂತರ ಶುರು, ಮಗ್‌ರಿಬ್ ಬಾಂಗ್ ಕೊಟ್ಟರೆ ಯಾವ ಲ್ಯಾಪ್ ಆದರೂ ಬಂದ್. ಸೋತವ ಶವರ್ಮ ಕೊಡಿಸಬೇಕು ಎಂದು ಹುಡುಗರು ಮಾಡಿಕೊಂಡಿದ್ದರು. ಮಸೀದಿಯ ಉಸ್ತಾದರ ಕಿವಿಗೆ ಅದು ಬಿದ್ದು, "ಆಟ ಆಡಿ, ಪಂದ್ಯ ಕಟ್ಟಬೇಡಿ" ಎಂದರು. ಈಗ ಯಾರೂ ಏನೂ ಕೊಡಿಸುವುದಿಲ್ಲ, ಶವರ್ಮ ನಾವೇ ತರುತ್ತೇವೆ. ಮೂರನೆಯ ನಿಯಮಕ್ಕೆ ಸಣ್ಣವ ಬಹಳ ಹಟ ಮಾಡಿದ. ಗೋಡೆಗೆ ಗುದ್ದಿ ರೀಸೆಟ್ ಒತ್ತುವುದು, ಮತ್ತೆ ಗುದ್ದುವುದು, ಇದನ್ನು ನೋಡಿ ನೋಡಿ ನಮಗೆ ಹೆದರಿಕೆ ಆಗುತ್ತಿತ್ತು. ಬೈಪಾಸಿನಲ್ಲಿ ರೀಸೆಟ್ ಇಲ್ಲ. ಸರ್ವರಿನಲ್ಲಿ ಡ್ಯಾಮೇಜ್ ನೂರಕ್ಕೆ ನೂರು ಇಡಿಸಿದೆವು. ಗುದ್ದಿದರೆ ಕಾರು ಕುಂಟುತ್ತದೆ, ಅವನ ರೇಸ್ ಮುಗಿಯಿತು, ಇನ್ನೊಬ್ಬ ಮುಗಿಸುವ ತನಕ ಸುಮ್ಮನೆ ಕೂರಬೇಕು.

ಇದರಿಂದ ಡ್ರೈವಿಂಗ್ ಬರುತ್ತದಾ ಎಂದು ಕೇಳುವವರಿದ್ದಾರೆ. ಬ್ರಿಟನ್ನಿನ ಜಾನ್ ಮಾರ್ಡನ್‌ಬರೊ 2011ರಲ್ಲಿ 'ಗ್ರಾನ್ ಟುರಿಸ್ಮೊ' ಗೇಮಿನ ಸ್ಪರ್ಧೆ ಗೆದ್ದು ನಿಜವಾದ ರೇಸ್ ಡ್ರೈವರ್ ಆದದ್ದು ಹೌದು, ಅವರ ಕಥೆ 2023ರಲ್ಲಿ ಸಿನಿಮಾವೂ ಆಯಿತು. ಅದು ಲಕ್ಷಕ್ಕೊಬ್ಬರ ಮಾತು. ಲಾರಿ ಓಡಿಸುವ ನಮ್ಮ ಮಾಮ ಸೀಟಿನಲ್ಲಿ ಕೂತು ಮೊದಲು ಕೇಳಿದ್ದು "ಇಂಡಿಕೇಟರ್ ಎಲ್ಲಿ?" ಎಂದು. ಮೊದಲ ತಿರುವಿನಲ್ಲೇ ಹುಲ್ಲಿಗೆ ಇಳಿದರು. ಬ್ರೇಕ್ ಹಿಡಿದದ್ದು ಮೈಗೆ ಗೊತ್ತೇ ಆಗುವುದಿಲ್ಲ ಎಂದರು, ಅದು ಸರಿ. ಕಣ್ಣು, ಕೈಗೆ ಕೆಲಸ ಉಂಟು, ಹೊಟ್ಟೆಯೊಳಗಿನ ಭಯ ಇಲ್ಲ. ಹಾಗಾಗಿ ಸ್ಕೂಟರಿನ ಕೀಲಿ ಈಗಲೂ ನಮ್ಮ ತಲೆದಿಂಬಿನ ಅಡಿಯಲ್ಲೇ.

ಮೋಟಾರು ರೇಸಿನಲ್ಲಿ ನಮ್ಮ ಕಡೆಯ ದೊಡ್ಡ ಹೆಸರು ಸ್ಟೀರಿಂಗ್ ಹಿಡಿದವರದ್ದಲ್ಲ. ಕಾಸರಗೋಡಿನ ಮೂಸಾ ಶರೀಫ್ ರ‍್ಯಾಲಿಯಲ್ಲಿ ನ್ಯಾವಿಗೇಟರ್. ಗೌರವ್ ಗಿಲ್ ಅವರಂಥ ಚಾಲಕರ ಪಕ್ಕದಲ್ಲಿ ಕೂತು, ಮುಂದಿನ ತಿರುವು ಎಷ್ಟು ಕಡಿದು, ಎಲ್ಲಿ ಗುಡ್ಡ, ಎಲ್ಲಿ ಇಳಿಜಾರು ಎಂದು ಪುಸ್ತಕ ನೋಡಿ ಓದಿ ಹೇಳುತ್ತಾ ಹಲವು ಬಾರಿ ರಾಷ್ಟ್ರೀಯ ಚಾಂಪಿಯನ್ ಆದವರು. ಇದನ್ನು ಕೇಳಿದ ಮೇಲೆ ಹುಡುಗರು ಒಂದು ರ‍್ಯಾಲಿ ಗೇಮನ್ನೂ ಹಾಕಿಕೊಂಡರು. ಅದರಲ್ಲಿ ನ್ಯಾವಿಗೇಟರಿನ ಇಂಗ್ಲಿಷ್ ದನಿಯನ್ನು ಬಂದ್ ಮಾಡಿ, ಸ್ಕ್ರೀನಿನ ಗುರುತು ನೋಡಿ ದೊಡ್ಡವ ಬ್ಯಾರಿ ಭಾಷೆಯಲ್ಲಿ ತಿರುವು ಹೇಳುತ್ತಿದ್ದ, ಸಣ್ಣವ ಓಡಿಸುತ್ತಿದ್ದ. ಒಂದು ಎಂದರೆ ತೀರ ಕಡಿದು, ಆರು ಎಂದರೆ ಸಲೀಸು. ದೊಡ್ಡವ ತಪ್ಪಿ ಆರು ಎಂದರೆ ಕಾರು ಕಣಿವೆಗೆ. ಆಗ ಬೈಗುಳ, ಮತ್ತೆ ನಗು.

ದೊಡ್ಡವ ಈಗ ಕಾಲೇಜಿಗೆಂದು ಮಂಗಳೂರು ಸೇರಿದ್ದಾನೆ. ಅವನ ಸೀಟು ಖಾಲಿ ಆದ ವಾರವೇ ಉಮ್ಮ ಅದರಲ್ಲಿ ಕೂತು ನೋಡಿ, ಬೆನ್ನಿಗೆ ಹಿತ ಉಂಟು ಎಂದು ತಸ್ಬೀಹ್ ಹಿಡಿದು ಅಲ್ಲೇ ಕೂರತೊಡಗಿದರು. ಪೆಡಲು ಅವರ ಕಾಲಿಗೆ ಎಟುಕುವುದಿಲ್ಲ, ಸಣ್ಣವ ಒಂದು ಮಣೆ ಇಟ್ಟುಕೊಟ್ಟಿದ್ದಾನೆ. ಸೀಟಿನ ರೈಲನ್ನು ಮಾತ್ರ ಅವ ಮುಂದೆ ತಳ್ಳಲಿಕ್ಕೆ ಬಿಡುವುದಿಲ್ಲ. ಅದು ದೊಡ್ಡವನ ಕಾಲಿನ ಅಳತೆಗೆ ಇಟ್ಟದ್ದಂತೆ, ಪೆರ್ನಾಲಿಗೆ ಅವ ಬರುತ್ತಾನಲ್ಲ.