ಕರ್ನಾಟಕಕ್ಕೆ 1957ರಲ್ಲಿ ಹೆಸರಿಟ್ಟವರು ಯಾರು?

ಮುಖರ್ಜಿ ನಗರವೆಂದರೆ ದೆಹಲಿಯ ಕನ್ನಡಿಗರಿಗೆ ಹೊಸದೇನಲ್ಲ. ಐ.ಎ.ಎಸ್. ಕನಸು ಹೊತ್ತು ಊರಿನಿಂದ ಬರುವ ಹುಡುಗರಲ್ಲಿ ಕೆಲವರಾದರೂ ಅಲ್ಲಿ ಕೋಣೆ ಹಿಡಿಯುತ್ತಾರೆ. ಎತ್ತ ನೋಡಿದರೂ ತರಬೇತಿ ಕೇಂದ್ರಗಳ ಫಲಕ, ಪುಸ್ತಕದ ರಾಶಿ, ಜೆರಾಕ್ಸ್ ಅಂಗಡಿ. ನನ್ನ ಅಕ್ಕನ ಮಗನೂ ಅಲ್ಲೇ ಇದ್ದಾನೆ. ಅವನ ಐಚ್ಛಿಕ ವಿಷಯ ಕನ್ನಡ ಸಾಹಿತ್ಯ. ಎರಡು ಪತ್ರಿಕೆ, ತಲಾ 250 ಅಂಕ.

ಒಂದು ಭಾನುವಾರ ಚಕ್ಕುಲಿ ಡಬ್ಬಿ ಕೊಡಲು ಹೋದಾಗ ಅವನು ಅಚ್ಚು ಹಾಕಿಸಿಕೊಂಡ ಟಿಪ್ಪಣಿ ಕಣ್ಣಿಗೆ ಬಿತ್ತು. ಕುಮಾರವ್ಯಾಸನ ಷಟ್ಪದಿ ಗದ್ಯದಂತೆ ಒಂದೇ ಸಮನೆ ಹರಿದಿತ್ತು. ಇನ್ನೊಂದು ಪುಟದಲ್ಲಿ 1956ರ ಎದುರು ‘ಏಕೀಕರಣ’, ಅದರ ಕೆಳಗೆ 1957ರ ಎದುರು ‘ಕರ್ನಾಟಕ ಎಂದು ನಾಮಕರಣ’!

‘ಏನೋ ಇದು? ಹೆಸರಿಟ್ಟದ್ದು 1973ರಲ್ಲಲ್ಲವೇನೋ?’

‘ನಾನು ಹಾಗೇ ಬರೆದಿದ್ದೆ ಮಾವ, ನೋಡಿ ಬೇಕಾದರೆ’ ಎಂದು ಫೋನು ಮುಂದೆ ಹಿಡಿದ. ನಿಜ, ಅಲ್ಲಿ 1973 ಎಂದೇ ಇತ್ತು. ಅಷ್ಟರಲ್ಲಿ ಟಿಪ್ಪಣಿ ಪಕ್ಕದ ಕೋಣೆಯ ಮೂವರ ಕೈ ಸೇರಿತ್ತು. ಒಬ್ಬ 1957ರ ಕೆಳಗೆ ಕೆಂಪು ಗೆರೆಯನ್ನೂ ಎಳೆದಿದ್ದ!

ಈ ಚಮತ್ಕಾರದ ಹೆಸರು ಮಾರ್ಕ್‌ಡೌನ್. 2004ರಲ್ಲಿ ಅಮೆರಿಕದ ಜಾನ್ ಗ್ರೂಬರ್ ರೂಪಿಸಿದ ಪದ್ಧತಿ. ಸಾದಾ ಅಕ್ಷರಗಳ ನಡುವೆ ಸಣ್ಣ ಗುರುತುಗಳನ್ನಿಟ್ಟರೆ ಸಾಕು: ಸಾಲಿನ ಮೊದಲಿಗೆ # ಇಟ್ಟರೆ ಶೀರ್ಷಿಕೆ, ಪದದ ಎರಡೂ ಬದಿಗೆ ಎರಡೆರಡು ನಕ್ಷತ್ರ ಇಟ್ಟರೆ ದಪ್ಪಕ್ಷರ. ಸಾಲಿನ ಆರಂಭದಲ್ಲಿ ಸಂಖ್ಯೆ, ಚುಕ್ಕಿ, ತೆರಪು ಕಂಡರೆ ಅದು ಪಟ್ಟಿ. ಇಂದಿನ ಅನೇಕ ತಂತ್ರಾಂಶಗಳು ಮೊದಲ ಸಂಖ್ಯೆಯನ್ನು ಮಾತ್ರ ನಂಬಿ, ಮುಂದಿನವನ್ನು ತಾವೇ ಎಣಿಸುತ್ತವೆ. 1956 ಆದ ಮೇಲೆ 1957 ತಾನೆ? ಯಂತ್ರಕ್ಕೆ ಇಸವಿ ಯಾವುದು, ಕ್ರಮಸಂಖ್ಯೆ ಯಾವುದು ಎಂದು ಹೇಗೆ ಗೊತ್ತಾಗಬೇಕು!

ಷಟ್ಪದಿಯ ಗತಿಯೂ ಹೀಗೆಯೇ. ಒಂದು ಸಾಲು ಬಿಟ್ಟರೆ ಮಾತ್ರ ಹೊಸ ಪ್ಯಾರಾ. ಬರೀ ಸಾಲು ಮುರಿದರೆ ಲೆಕ್ಕಕ್ಕಿಲ್ಲ. ಭಾಮಿನಿಯಲ್ಲಿ 14 ಮಾತ್ರೆಯ ನಾಲ್ಕು ಸಾಲು, 23 ಮಾತ್ರೆಯ ಎರಡು ಸಾಲು. ಆರೂ ಕೂಡಿಕೊಂಡರೆ ಛಂದಸ್ಸು ಕಲಿಯುವುದು ಹೇಗೆ?

ಕನ್ನಡಕ್ಕೆ ಇನ್ನೊಂದು ತೊಡಕಿದೆ. ಇಂಗ್ಲಿಷಿನಲ್ಲಿ ಪದವಾದ ಮೇಲೆ ತೆರಪು ಬರುತ್ತದೆ. ನಮ್ಮಲ್ಲಿ ವಿಭಕ್ತಿ ಪ್ರತ್ಯಯ ಪದಕ್ಕೇ ಅಂಟಿಕೊಳ್ಳುತ್ತದೆ. ಉದ್ಧರಣ ಚಿಹ್ನೆಯೊಳಗಿನ ಕೃತಿಯ ಹೆಸರನ್ನು ದಪ್ಪಗೊಳಿಸಿ, ಮುಗಿಸುವ ನಕ್ಷತ್ರಕ್ಕೆ ತಾಗಿಸಿ ‘ದಲ್ಲಿ’ ಎಂದು ಬರೆದರೆ, ಹಲವೆಡೆ ಅಕ್ಷರ ದಪ್ಪವಾಗದೆ ನಕ್ಷತ್ರಗಳೇ ಉಳಿಯುತ್ತವೆ. ಸಾಲದ್ದಕ್ಕೆ, ವಾಟ್ಸ್ಯಾಪಿನಲ್ಲಿ ದಪ್ಪಕ್ಕೆ ಒಂದೇ ನಕ್ಷತ್ರ. ಮಾರ್ಕ್‌ಡೌನಿನಲ್ಲಿ ಒಂದಿಟ್ಟರೆ ಓರೆ ಅಕ್ಷರ.

ಹಾಗೆಂದು ಪದ್ಧತಿಯನ್ನೇ ಬೈಯಬೇಕಿಲ್ಲ. ಹಿಂದೆ ಊರಿಂದ ಬಂದ ಕನ್ನಡ ಕಡತ, ಅದರ ಫಾಂಟ್ ನಮ್ಮಲ್ಲಿಲ್ಲದಿದ್ದರೆ, ಅರ್ಥವಿಲ್ಲದ ಗೀಚಾಗಿ ಕಾಣುತ್ತಿದ್ದುದು ನೆನಪಿದೆಯೆ? ಯೂನಿಕೋಡಿನ ಸಾದಾ ಬರಹಕ್ಕೆ ಆ ಭಯವಿಲ್ಲ. ಗುರುತು ಕೆಟ್ಟರೂ ಅಕ್ಷರ ಉಳಿಯುತ್ತದೆ. 1973 ಫೋನಿನಲ್ಲಿ ಭದ್ರವಾಗಿದ್ದುದೂ ಅದರಿಂದಲೇ.

ಮಕ್ಕಳು ಹೀಗೆ ಟಿಪ್ಪಣಿ ಮಾಡುವವರಾದರೆ ಇಷ್ಟು ಹೇಳಿ: ಇಸವಿಯಿಂದ ಸಾಲು ಆರಂಭಿಸಬೇಡಿ, ‘1973ರಲ್ಲಿ’ ಎಂದು ಬರೆಯಿರಿ. ಪದ್ಯದ ಪ್ರತಿ ಸಾಲಿನ ಕೊನೆಗೆ ಎರಡು ತೆರಪು ಬಿಡಿ. ಅಚ್ಚಾದ ಪ್ರತಿಯನ್ನು ಮೂಲದೊಡನೆ ಒಮ್ಮೆ ತಾಳೆ ನೋಡಿ.

ನಮ್ಮ ಹುಡುಗ ಅಂದೇ ಪಕ್ಕದ ಕೋಣೆಗೆ ಹೋಗಿ ಮೂರೂ ಪ್ರತಿಗಳನ್ನು ಪೆನ್ನಿನಲ್ಲಿ ತಿದ್ದಿ ಬಂದ. ಚಕ್ಕುಲಿಯನ್ನು ಆಮೇಲೆ ತಿಂದೆವು.