ಮಾರಿಕಣಿವೆಯ ಮೀನು ಯಾರ ಪಾಲು?

ಹಿರಿಯೂರಿನ ವಾಣಿವಿಲಾಸ ಸಾಗರ, ನಮ್ಮೋರ ಬಾಯಲ್ಲಿ ಮಾರಿಕಣಿವೆ. 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಬಿದ್ದದ್ದು 2022ರಲ್ಲಿ. ಹಿನ್ನೀರು ಹೊಸದುರ್ಗದ ಕಡೆಗೂ ಚಾಚಿದೆ. ನೀರಿನ ಅಡಿ ಲೆಕ್ಕ ಎಲ್ಲರಿಗೂ ಬಾಯಿಪಾಠ. ಮೀನಿನ ಲೆಕ್ಕ ಕೇಳೋರಿಲ್ಲ.

ಒಳನಾಡು ಮೀನುಗಾರಿಕೆಗೆ ರಾಜ್ಯದಲ್ಲಿ 1996ರ ಕಾಯ್ದೆಯಿದೆ. ಜಲಾಶಯ ಗುತ್ತಿಗೆಗೆ ಹೋದರೆ ಹಣ ಹಾಕಿದವನ ಕೈ ಮೇಲು, ತೆಪ್ಪ ಹತ್ತುವವನಿಗೆ ಕೂಲಿ. ಪರವಾನಗಿ ಕೊಟ್ಟರೆ ಹಿಡಿದ ಮೀನು ಅವನದೇ. ಆದರೆ ಮರಿ ಬಿಡೋರು ಯಾರು? ಕಾಟ್ಲಾ, ರೋಹು ನಿಂತ ನೀರಲ್ಲಿ ಮರಿ ಮಾಡಲ್ಲ, ಬಿತ್ತನೆ ಆಗಲೇಬೇಕು. ಬಿಟ್ಟ ಮೇಲೂ ಸಣ್ಣ ಕಣ್ಣಿನ ಬಲೆ ಬಿದ್ದರೆ ಬೆರಳುದ್ದದ ಮರಿಯೂ ತಕ್ಕಡಿಗೆ!

ನನ್ನ ಕೇಳಿದರೆ, ಪರವಾನಗಿ ದಡದ ಊರಿನ ಸಂಘಗಳಿಗೆ ಸಿಗಲಿ, ಬಲೆಯ ಕಣ್ಣು ದಡದಲ್ಲೇ ಅಳೆಯಲಿ. ಹೊಳಲ್ಕೆರೆ ಕಡೆಯ ಸಣ್ಣ ಕೆರೆಗಳಿಗೆ ಇಷ್ಟೇ ಸಾಲದು: ಕೆರೆ ಬತ್ತಿದ ವರ್ಷ ಗುತ್ತಿಗೆ ಹಣವೂ ಇಳಿಯಬೇಕು.